ಶಾಲೆಯಲ್ಲಿ ಲೆಕ್ಕ ಬೇಕೆ, ಬೇಡವೆ?

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

ಬೆಳಗಿನ ಕರಾವು ಮುಗಿಸಿ ಬಂದು ಸಂಜೆಯ ಕರಾವಿಗೆ ಮುಂಚೆ ಮನೆ ಸೇರಬೇಕೆಂದು ಗಡಿಯಾರ ನೋಡುತ್ತಿರುವ ಸದಸ್ಯ ಬಂಧುಗಳೆ, ತಾಯಂದಿರೆ, ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂತು ಸಿಹಿ ಯಾವಾಗ ಹಂಚುತ್ತಾರೋ ಎಂದು ಕಾಯುತ್ತಿರುವ ಮುದ್ದು ಮಕ್ಕಳೆ,

ಆಹ್ವಾನ ಪತ್ರಿಕೆಯಲ್ಲಿ ನಮ್ಮ ಹೆಸರಿನ ಮುಂದೆ "ಹಾಸ್ಯ ಭಾಷಣ, 20 ನಿಮಿಷ" ಎಂದು ಅಚ್ಚಾಗಿದೆ. 20 ನಿಮಿಷ ಎಂದರೆ ಎಷ್ಟು ಹೊತ್ತು ಎಂಬುದು ಭಾಷಣಕಾರರಿಗೆ ತಿಳಿಯಬೇಕಾದರೂ ಕೊಂಚ ಗಣಿತ ಬೇಕು. ನಮ್ಮ ನಾಡಿನ ಬಹಳಷ್ಟು ವೇದಿಕೆಗಳಲ್ಲಿ ಆ ಗಣಿತದ ಕೊರತೆ ಎದ್ದು ಕಾಣುತ್ತದೆ. ನಾವು ಮೂವತ್ತು ವರ್ಷ ಹಳ್ಳಿ ಶಾಲೆಗಳಲ್ಲಿ ಸೀಮೆಸುಣ್ಣ ಸವೆಸಿದವರು. ಗಂಟೆ ಹೊಡೆದ ಮೇಲೆ ಪಾಠ ಮಾಡಿದರೆ ಮಕ್ಕಳು ಏನು ಶಾಪ ಹಾಕುತ್ತಾರೆ ಎಂಬುದನ್ನು ಬಲ್ಲೆವು. ಆದ್ದರಿಂದ ಹೆದರಬೇಡಿ, ನಿಮ್ಮ ಹಸುಗಳು ಕರೆಯುವ ಹೊತ್ತಿಗೆ ನಿಮ್ಮನ್ನು ಬಿಟ್ಟುಬಿಡುತ್ತೇವೆ.

ಇಂದಿನ ವಿಷಯ ಮಕ್ಕಳೇ ಕೊಟ್ಟದ್ದು. "ಸಾರ್, ಈ ಲೆಕ್ಕ ಅನ್ನೋದೊಂದು ಇಲ್ಲದಿದ್ದರೆ ಶಾಲೆ ಎಷ್ಟು ಚೆನ್ನಾಗಿರ್ತಿತ್ತು!" ಈ ಮಾತನ್ನು ನಾವು ಕೇಳಿದಷ್ಟು ಸಲ ಪ್ರಾರ್ಥನೆಯನ್ನೂ ಕೇಳಿಲ್ಲ. ಮಕ್ಕಳಷ್ಟೇ ಅಲ್ಲ, ತಂದೆ ತಾಯಂದಿರೂ, "ಹೋಗ್ಲಿ ಬಿಡಿ ಮೇಷ್ಟ್ರೆ, ನಮ್ಮ ವಂಶದಲ್ಲೇ ಯಾರಿಗೂ ಲೆಕ್ಕ ಹತ್ತಿಲ್ಲ" ಎಂದು ಹೆಮ್ಮೆಯಿಂದ ಹೇಳಿದ್ದುಂಟು. ನಮ್ಮ ವಂಶದಲ್ಲಿ ಯಾರಿಗೂ ಓದು ಬರಹ ಹತ್ತಿಲ್ಲ ಎಂದು ಯಾರೂ ಎದೆಯುಬ್ಬಿಸಿ ಹೇಳುವುದಿಲ್ಲ. ಲೆಕ್ಕ ಬಾರದಿರುವುದಕ್ಕೆ ಮಾತ್ರ ಏನೋ ಒಂದು ಮರ್ಯಾದೆ ಇದೆ!

ಇರಲಿ. ಮಹಾಸಭೆಗಳಲ್ಲಿ ಠರಾವು ಮಂಡಿಸುವುದು ನಮಗೆಲ್ಲ ರೂಢಿ. ಇದನ್ನೂ ಠರಾವಿನ ರೂಪದಲ್ಲೇ ತೆಗೆದುಕೊಳ್ಳೋಣ. ವಿಷಯ: "ಶಾಲೆಗಳಲ್ಲಿ ಗಣಿತ ಕಲಿಸುವುದನ್ನು ಇಂದಿನಿಂದಲೇ ನಿಲ್ಲಿಸತಕ್ಕದ್ದು." ಸೂಚಕರು: ಏಳನೆಯ ತರಗತಿಯ ಕೊನೆಯ ಬೆಂಚು. ಅನುಮೋದಕರು ಯಾರು ಎಂಬುದನ್ನು ಆಮೇಲೆ ನೋಡೋಣ. ಮೊದಲು ಸೂಚಕರ ವಾದ ಕೇಳಬೇಕು, ಅದು ನ್ಯಾಯ.

ಮೊದಲನೆಯ ವಾದ: ಗಣಿತ ಪುಸ್ತಕದ ಲೆಕ್ಕಕ್ಕೂ ಲೋಕದ ಲೆಕ್ಕಕ್ಕೂ ತಾಳೆಯಿಲ್ಲ. ಪುಸ್ತಕದಲ್ಲಿ 10 ಆಳುಗಳು ಒಂದು ಗೋಡೆಯನ್ನು 12 ದಿನದಲ್ಲಿ ಕಟ್ಟುತ್ತಾರೆ. 20 ಆಳು ಬಂದರೆ 6 ದಿನ ಸಾಕಂತೆ. 120 ಆಳು ಬಂದರೆ ಒಂದೇ ದಿನ! ಇದನ್ನು ಬರೆದವರು ಜನ್ಮದಲ್ಲಿ ಒಂದು ಸಲವೂ ಆಳು ಕರೆದವರಲ್ಲ. ನಮ್ಮೂರಲ್ಲಿ 120 ಆಳು ಸೇರಿದರೆ ಮೊದಲು ಏಳುವುದು ಗೋಡೆಯಲ್ಲ, ಜಗಳ. ಗೋಡೆಯ ಆ ಕಡೆ ಒಂದು ಪಾರ್ಟಿ, ಈ ಕಡೆ ಒಂದು ಪಾರ್ಟಿ.

ಇನ್ನೊಂದು ಲೆಕ್ಕ: ತೊಟ್ಟಿಗೆ ಮೇಲಿನಿಂದ ಒಂದು ನಲ್ಲಿ ನೀರು ತುಂಬಿಸುತ್ತದೆ, ಕೆಳಗಿನಿಂದ ಇನ್ನೊಂದು ಖಾಲಿ ಮಾಡುತ್ತದೆ, ತೊಟ್ಟಿ ಎಷ್ಟು ಹೊತ್ತಿಗೆ ತುಂಬುತ್ತದೆ? ನಮ್ಮ ಒಬ್ಬ ವಿದ್ಯಾರ್ಥಿ ಉತ್ತರ ಪತ್ರಿಕೆಯಲ್ಲಿ, "ಮೊದಲು ಕೆಳಗಿನ ನಲ್ಲಿ ನಿಲ್ಲಿಸಿ, ಆಮೇಲೆ ಕೇಳಿ" ಎಂದು ಬರೆದಿದ್ದ. ಹುಡುಗನಿಗೆ ಸೊನ್ನೆ ಬಂತು. ಆದರೆ ಪಂಚಾಯಿತಿಗೆ ಇಂಥವನೇ ಬೇಕು.

ಮೂರನೆಯ ಲೆಕ್ಕವಂತೂ ನಮ್ಮ ಸಂಘದ ಉಪನಿಯಮಗಳಿಗೇ ವಿರುದ್ಧ: "ಹಾಲು ಮತ್ತು ನೀರನ್ನು 5:1ರ ಪ್ರಮಾಣದಲ್ಲಿ ಬೆರೆಸಿದರೆ..." ಅಯ್ಯಾ, ಸರಕಾರದ ದುಡ್ಡಿನಲ್ಲಿ ಅಚ್ಚು ಹಾಕಿಸಿ, ಹಾಲಿಗೆ ನೀರು ಬೆರೆಸುವುದನ್ನು ಮಕ್ಕಳಿಗೆ ಹೇಳಿಕೊಡುವುದೆ? ಕ್ಯಾನಿನ ಮುಂದೆ ನಿಂತಿರುವ ನಮ್ಮ ಪರೀಕ್ಷಕರ ಗತಿ ಏನು?

ಎರಡನೆಯ ವಾದ: ಎಕ್ಸ್. ಈ ಎಕ್ಸ್ ಎಂಬಾತ ಯಾರು, ಎಲ್ಲಿಯವನು, ಪ್ರತಿ ವರ್ಷ ಯಾಕೆ ಕಳೆದುಹೋಗುತ್ತಾನೆ, ಪೊಲೀಸ್ ಠಾಣೆಗೆ ದೂರು ಕೊಡುವುದು ಬಿಟ್ಟು ಅವನನ್ನು ಎಳೆ ಮಕ್ಕಳ ಕೈಲಿ ಯಾಕೆ ಹುಡುಕಿಸುತ್ತಾರೆ? ಕಷ್ಟಪಟ್ಟು ಹುಡುಕಿಕೊಟ್ಟರೆ ಮುಂದಿನ ಲೆಕ್ಕದಲ್ಲಿ ಮತ್ತೆ ಕಾಣೆ. ಮನೆಯಲ್ಲಿ ನಿಲ್ಲದ ಇಂಥ ದನವನ್ನು ಯಾರಾದರೂ ಸಾಕುತ್ತಾರೆಯೆ?

ಮೂರನೆಯ ವಾದ ಸ್ವಲ್ಪ ಗಟ್ಟಿ: ನಮ್ಮ ತಾತ ಮುತ್ತಾತಂದಿರು ಹೈಸ್ಕೂಲು ಗಣಿತ ಓದಿದ್ದರೆ? ಇಲ್ಲ. ಆದರೂ ಬದುಕಲಿಲ್ಲವೆ? ಬದುಕಿದರು, ನಿಜ. ಆದರೆ ಅವರಿಗೆ ಲೆಕ್ಕ ಬರುತ್ತಿರಲಿಲ್ಲ ಎಂದವರು ಯಾರು? ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದರೆ ರೂಪಾಯಿಗೆ 192 ಪೈ. ಕೂಲಿಮಠದ ಅಯ್ಯನವರು ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿ ಕಾಲು, ಅರೆ, ಮುಕ್ಕಾಲರ ಮಗ್ಗಿಗಳನ್ನೆಲ್ಲ ಬಾಯಿಪಾಠ ಮಾಡಿಸುತ್ತಿದ್ದರು. ಸೇರಿಗೆ 5 ಆಣೆ 4 ಪೈ ಆದರೆ ಏಳೂವರೆ ಸೇರಿಗೆ ಎಷ್ಟು ಎಂದರೆ, ತಾತ ಎಲೆಗೆ ಸುಣ್ಣ ಸವರುತ್ತಲೇ "ಎರಡೂವರೆ ರೂಪಾಯಿ ಕಣೊ" ಎನ್ನುತ್ತಿದ್ದ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆಯ ಪದ್ಧತಿ ಬಂದಾಗ ಮಕ್ಕಳ ಬೆನ್ನು ಬಚಾವಾಯಿತು. ತಾತ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ ಎಂಬುದು ನಿಜ, ಲೆಕ್ಕ ಕಲಿತಿರಲಿಲ್ಲ ಎಂಬುದು ಸುಳ್ಳು. ಈ ವಾದ ಬಿದ್ದುಹೋಯಿತು.

ಅಷ್ಟರಲ್ಲಿ ಕೊನೆಯ ಬೆಂಚಿನಿಂದ ಇನ್ನೊಬ್ಬ ಎದ್ದು ನಿಲ್ಲುತ್ತಾನೆ. "ಸಾರ್, ಶಕುಂತಲಾ ದೇವಿಯವರು?" ಹೌದು, ನಮ್ಮ ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಹೆಣ್ಣುಮಗಳು. ಶಾಲೆಯ ಓದು ಎಂದು ಹೇಳುವಂಥದ್ದು ಇರಲಿಲ್ಲ. 1980ರ ಜೂನ್ 18ರಂದು ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದರು. ಅವರಿಗೆ ಶಾಲೆ ಬೇಕಾಗಲಿಲ್ಲ, ಒಪ್ಪೋಣ. ಹಾಗೆಯೇ, ಕೊನೆಯ ಬೆಂಚಿನವನೇ, 13 ಅಂಕಿ ಬೇಡಪ್ಪ, ನಿನ್ನ ಮನೆಯ ನಿನ್ನೆಯ ಹಾಲು 6 ಲೀಟರ್ 400, ಇವತ್ತಿನದು 5 ಲೀಟರ್ 750, ಎರಡೂ ಕೂಡಿಸಿ ಹೇಳು, 28 ನಿಮಿಷ ಕೊಡುತ್ತೇವೆ.

ಕೊನೆಯ ವಾದ ಈ ಕಾಲದ್ದು. "ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ಇದೆಯಲ್ಲ, ಕಲಿಯೋದ್ಯಾಕೆ?" ಇದೆ ಸ್ವಾಮಿ. ಆದರೆ ಯಂತ್ರಕ್ಕೆ ಗುಣಿಸುವುದು ಗೊತ್ತು, ಯಾವುದನ್ನು ಯಾವುದರಿಂದ ಗುಣಿಸಬೇಕು ಎಂಬುದು ಗೊತ್ತಿಲ್ಲ. ಕೊಟ್ಟಿಗೆಯಲ್ಲಿ ಎತ್ತು ಕಟ್ಟಿದ್ದೇವೆಂದು ಹೊಲ ತಾನೇ ಉಳುಮೆಯಾಗುತ್ತದೆಯೆ? ಹಿಂದೆ ನೇಗಿಲು ಹಿಡಿದವನೊಬ್ಬ ಬೇಕು.

ಈಗ ನಿಮಗೆ ಒಂದು ಸ್ವಾರಸ್ಯದ ಸಂಗತಿ ಹೇಳಬೇಕು. ಈ ಠರಾವನ್ನು ಲೋಕದಲ್ಲಿ ಒಬ್ಬರು ನಿಜವಾಗಿಯೂ ಜಾರಿಗೆ ತಂದು ನೋಡಿದ್ದಾರೆ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಮ್ಯಾಂಚೆಸ್ಟರ್ ಎಂಬ ಊರಿನಲ್ಲಿ ಬೆನೆಜೆಟ್ ಎಂಬುವರು ಶಾಲೆಗಳ ಮೇಲಧಿಕಾರಿಯಾಗಿದ್ದರು. 1929ರಲ್ಲಿ ಅವರು ಕೆಲವು ತರಗತಿಗಳಲ್ಲಿ ಐದನೆಯ ತರಗತಿಯವರೆಗೂ ಗಣಿತದ ಪಾಠವನ್ನೇ ತೆಗೆದುಹಾಕಿಸಿದರು. ಬಲು ಜಾಣರು ಅವರು. ಇಂಗ್ಲಿಷ್ ಮನೆಮಾತಲ್ಲದ, ಹೊರಗಿನಿಂದ ಬಂದು ನೆಲೆಸಿದ ಜನರ ಮಕ್ಕಳಿದ್ದ ತರಗತಿಗಳನ್ನೇ ಆರಿಸಿಕೊಂಡರು. ಓದಿದ ತಂದೆ ತಾಯಿಗಳಿದ್ದ ಕಡೆ ಹೀಗೆ ಮಾಡಿದರೆ ತಕರಾರು ಬರುತ್ತದೆ ಎಂದು ಅವರಿಗೆ ಗೊತ್ತಿತ್ತು.

ಗಣಿತದ ಬದಲು ಆ ಮಕ್ಕಳು ಏನು ಮಾಡಿದರು? ಕಂಡದ್ದನ್ನು, ಓದಿದ್ದನ್ನು ತಮ್ಮ ಮಾತಿನಲ್ಲಿ ಹೇಳಿದರು. ಗಡಿಯಾರ ನೋಡಿದರು, ಪಂಚಾಂಗ ನೋಡಿದರು, ದುಡ್ಡು ಎಣಿಸಿದರು, ಇದು ಎಷ್ಟು ಉದ್ದ, ಅದು ಎಷ್ಟು ದೂರ ಎಂದು ಅಂದಾಜು ಕಟ್ಟಿದರು. ಆರನೆಯ ತರಗತಿಯಲ್ಲಿ ಗಣಿತ ಶುರು ಮಾಡಿಸಿದರು. ಒಂದೇ ವರ್ಷದಲ್ಲಿ ಆ ಮಕ್ಕಳು ಮೊದಲಿನಿಂದ ಲೆಕ್ಕ ಮಾಡುತ್ತ ಬಂದ ಮಕ್ಕಳ ಸಮಕ್ಕೆ ಬಂದುಬಿಟ್ಟರು. 1935 ಮತ್ತು 1936ರಲ್ಲಿ ಬೆನೆಜೆಟ್ ಇದನ್ನೆಲ್ಲ ಬರೆದು ಪ್ರಕಟಿಸಿದರು.

ಚಪ್ಪಾಳೆ ಹೊಡೆಯುತ್ತಿರುವ ಮಕ್ಕಳು ಸ್ವಲ್ಪ ತಡೆಯಿರಿ. ಕಥೆ ಮುಗಿದಿಲ್ಲ.

ಬೆನೆಜೆಟ್ ಮಕ್ಕಳಿಗೆ ಒಂದು ಪ್ರಶ್ನೆ ಕೇಳುತ್ತಿದ್ದರು. ಕೊಳದಲ್ಲಿ ಒಂದು ಕಂಬ ನೆಟ್ಟಿದೆ. ಅರ್ಧ ಕಂಬ ಕೆಸರಿನಲ್ಲಿ ಹೂತಿದೆ. ಉಳಿದುದರಲ್ಲಿ ಮೂರರಲ್ಲಿ ಎರಡು ಪಾಲು ನೀರಿನಲ್ಲಿದೆ. ಒಂದು ಅಡಿ ಮೇಲೆ ಕಾಣುತ್ತಿದೆ. ಕಂಬ ಎಷ್ಟು ಉದ್ದ? ವರ್ಷಗಟ್ಟಲೆ ಗಣಿತ ಕಲಿತ ಮಕ್ಕಳು ಅರ್ಧವನ್ನು ಮೂರನೇ ಎರಡರಿಂದ ಗುಣಿಸಿ ಒಂದು ಅಡಿ ಕೂಡಿಸಲು ಹೊರಟವು. ಗಣಿತದ ಪಾಠವೇ ಇಲ್ಲದ ಮಕ್ಕಳು ಕಂಬವನ್ನೇ ಕಣ್ಣ ಮುಂದೆ ತಂದುಕೊಂಡವು. ನೀರಿನ ಮೇಲಿರುವ ಒಂದಡಿ ಎಂದರೆ ಅರ್ಧ ಕಂಬದ ಮೂರನೇ ಒಂದು ಪಾಲು, ಹಾಗಾದರೆ ಅರ್ಧ ಕಂಬ 3 ಅಡಿ, ಪೂರ್ತಿ ಕಂಬ 6 ಅಡಿ. ಮುಗಿಯಿತು!

ಈಗ ಹೇಳಿ, ಗಣಿತ ಮಾಡಿದವರು ಯಾರು? ಗುಣಿಸಲು ಹೊರಟವರೋ, ಕಂಬ ನೋಡಿದವರೋ? ಬೆನೆಜೆಟ್ ತೆಗೆದುಹಾಕಿದ್ದು ಗಣಿತವನ್ನಲ್ಲ, ತಲೆಗೆ ಹೋಗುವ ಮುಂಚೆ ಕೈಗೆ ಹತ್ತಿಸುವ ಗಿಣಿಪಾಠವನ್ನು.

ಈ ಕಂಬದ ಲೆಕ್ಕ ಅಮೆರಿಕದ ಸೊತ್ತೇನೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗ ಮಾನ್ಯಖೇಟದಿಂದ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳುತ್ತಿದ್ದ ಕಾಲದಲ್ಲಿ, ಮಹಾವೀರಾಚಾರ್ಯರೆಂಬ ಜೈನ ಪಂಡಿತರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಅದರಲ್ಲೂ ಒಂದು ಕಂಬವಿದೆ. ಎಂಟನೇ ಒಂದು ಪಾಲು ನೆಲದಲ್ಲಿ, ಮೂರನೇ ಒಂದು ಪಾಲು ನೀರಿನಲ್ಲಿ, ಕಾಲು ಪಾಲು ಪಾಚಿಯಲ್ಲಿ, 7 ಮೊಳ ಹೊರಗೆ. ಉದ್ದ 24 ಮೊಳ. ಮನೆಗೆ ಹೋಗಿ ತಾಳೆ ನೋಡಿ. ಲೋಕದ ವ್ಯವಹಾರ, ವೈದ್ಯ, ಸಂಗೀತ, ಮನೆ ಕಟ್ಟುವುದು, ಕಡೆಗೆ ಅಡುಗೆ ಮಾಡುವುದಕ್ಕೂ ಲೆಕ್ಕ ಬೇಕು ಎಂದು ಆ ಪುಣ್ಯಾತ್ಮರು ಪುಸ್ತಕದ ಮೊದಲಿಗೇ ಹೇಳಿಬಿಟ್ಟಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನೆಂಬ ಕವಿ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಹೆಸರು ನೋಡಿ, ವ್ಯವಹಾರಗಣಿತ! ಅಂದರೆ ಸಂತೆಯ ಲೆಕ್ಕ, ಬಡ್ಡಿಯ ಲೆಕ್ಕ, ನಮ್ಮ ನಿಮ್ಮ ಲೆಕ್ಕ. ಇದು ನಮ್ಮ ಹಿತ್ತಿಲ ಗಿಡ. ನಾವೇ ಇದಕ್ಕೆ ನೀರು ಹಾಕುವುದು ಬಿಟ್ಟೆವು.

ಹಾಗಾದರೆ ಸಂತೆಯಲ್ಲೇ ಕಲಿಯಲಿ, ಶಾಲೆ ಏಕೆ ಎನ್ನಬಹುದು. ಅದನ್ನೂ ಪರೀಕ್ಷೆ ಮಾಡಿದವರಿದ್ದಾರೆ. 2019ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಜೊತೆಗಾರರು ಕೋಲ್ಕತ್ತ, ದೆಹಲಿಗಳ ಸಂತೆಗಳಲ್ಲಿ ತರಕಾರಿ ಮುಂತಾದವು ಮಾರುವ ಮಕ್ಕಳನ್ನು ನೋಡಿ 2025ರಲ್ಲಿ ಅದನ್ನು ಪ್ರಕಟಿಸಿದರು. ಆ ಮಕ್ಕಳು ಕಾಗದ ಪೆನ್ನಿಲ್ಲದೆ ಇಷ್ಟು ಗ್ರಾಂಗೆ ಇಷ್ಟು, ಚಿಲ್ಲರೆ ಇಷ್ಟು ಎಂದು ಬಾಯಲ್ಲೇ ಹೇಳುತ್ತವೆ. ಅದೇ ಮಕ್ಕಳ ಮುಂದೆ ಶಾಲೆಯ ಭಾಗಾಕಾರ ಇಟ್ಟರೆ ತಡವರಿಸುತ್ತವೆ. ಶಾಲೆಯ ಮಕ್ಕಳನ್ನು ಸಂತೆಯ ಲೆಕ್ಕಕ್ಕೆ ಹಚ್ಚಿದರೆ ಅವೂ ತಡವರಿಸುತ್ತವೆ. ಅಂದರೆ ಸಂತೆಗೂ ಶಾಲೆಗೂ ನಡುವೆ ಒಂದು ಹಳ್ಳವಿದೆ. ಆ ಕಡೆಯವರು ಈ ಕಡೆಗಿಲ್ಲ, ಈ ಕಡೆಯವರು ಆ ಕಡೆಗಿಲ್ಲ. ಬೇಕಾಗಿರುವುದು ಹಳ್ಳಕ್ಕೊಂದು ಕಾಲುಸಂಕ. ಶಾಲೆ ಮುಚ್ಚಿದರೆ ಸಂಕ ಬರುವುದಿಲ್ಲ, ಒಂದು ದಂಡೆ ಹೋಗುತ್ತದೆ ಅಷ್ಟೆ.

ಈಗ ನಮ್ಮ ಠರಾವಿಗೆ ಬರೋಣ. ಸೂಚಕರ ವಾದ ಮುಗಿಯಿತು. "ಅನುಮೋದಕರು ಯಾರಾದರೂ ಇದ್ದಾರೆಯೆ?" ಎಂದು ಕೇಳಿದ ಕೂಡಲೇ, ನೋಡಿ, ಸಭೆಯ ಹಿಂದುಗಡೆಯಿಂದ ಒಂದಲ್ಲ, ನಾಲ್ಕಾರು ಕೈ ಮೇಲೇಳುತ್ತವೆ. ಅವರು ಮಕ್ಕಳಲ್ಲ. ಒಬ್ಬೊಬ್ಬರನ್ನೇ ಪರಿಚಯ ಮಾಡಿಕೊಳ್ಳೋಣ.

ಮೊದಲನೆಯ ಕೈ ಬಡ್ಡಿ ಸಾಹುಕಾರರದ್ದು. "ನೂರಕ್ಕೆ ಬರೀ ಮೂರು ರೂಪಾಯಿ ಕಣಯ್ಯಾ, ನೀನು ನಮ್ಮವನು ಅಂತ" ಎನ್ನುತ್ತಾರೆ. ಮೂರು ಎಂದರೆ ಒಂದು ಕಾಫಿಗೂ ಬಾರದ ದುಡ್ಡು. ಆದರೆ ಅದು ತಿಂಗಳಿಗೆ. ವರ್ಷಕ್ಕೆ 36. ನಮ್ಮವರಿಗೆ ಈ ದರ, ಪರರಿಗೆ ಎಷ್ಟೋ! ಹನ್ನೆರಡರ ಮಗ್ಗಿ ಬರುವವನಿಗೆ ಇವರು ಸಾಲವನ್ನೇ ಕೊಡುವುದಿಲ್ಲ.

ಎರಡನೆಯ ಕೈ ಮನೆ ಬಾಗಿಲಿಗೇ ಬಂದು ಸಾಲ ಕೊಟ್ಟು ಕಂತು ಕಟ್ಟಿಸಿಕೊಳ್ಳುವವರದ್ದು. "10,000 ತಗೊಳ್ಳಿ, ವರ್ಷಕ್ಕೆ ನೂರಕ್ಕೆ 12 ಮಾತ್ರ, 1,200 ಬಡ್ಡಿ, 12 ಕಂತು, ತಿಂಗಳಿಗೆ 933 ಚಿಲ್ಲರೆ." ಚೆನ್ನಾಗಿಯೇ ಕಾಣುತ್ತದೆ. ಆದರೆ ತಿಂಗಳು ತಿಂಗಳೂ ಅಸಲು ತೀರುತ್ತ ಬರುತ್ತದಲ್ಲ? ಕೊನೆಯ ತಿಂಗಳು ನಮ್ಮ ಕೈಲಿ ಉಳಿದಿರುವ ಅಸಲು ಒಂಬೈನೂರರ ಆಸುಪಾಸು, ಬಡ್ಡಿ ಮಾತ್ರ ಇಡೀ 10,000ಕ್ಕೆ. ಉಳಿದ ಅಸಲಿಗೆ ಮಾತ್ರ ನೂರಕ್ಕೆ 12ರ ಹಾಗೆ ಹಾಕಿದರೆ ವರ್ಷದ ಬಡ್ಡಿ ಸುಮಾರು 662 ರೂಪಾಯಿ. ಕೊಟ್ಟದ್ದು 1,200. ನಿಜವಾದ ದರ ನೂರಕ್ಕೆ ಸುಮಾರು ಇಪ್ಪತ್ತೊಂದೂವರೆ. ಸುಳ್ಳು ಎಲ್ಲಿಯೂ ಹೇಳಲಿಲ್ಲ ನೋಡಿ! ಕಾಗದದಲ್ಲಿ 12 ಎಂದೇ ಬರೆದಿದೆ. ನಮ್ಮ ಅಕ್ಕ ತಂಗಿಯರು ಸ್ತ್ರೀಶಕ್ತಿ ಸಂಘಗಳಲ್ಲಿ ಕೂತು ಬಡ್ಡಿ ಬರೆಯುತ್ತಾರಲ್ಲ, ಅವರು ಮಾತ್ರ ಇದನ್ನು ಕೂಡಲೇ ಹಿಡಿಯುತ್ತಾರೆ. ಗಂಡಸರು ರುಜು ಹಾಕಿದ ಮೇಲೆ ಹಿಡಿಯುತ್ತಾರೆ.

ಮೂರನೆಯ ಕೈ "ನೀವು ಆರು ಜನರನ್ನು ಸೇರಿಸಿ, ಅವರು ತಲಾ ಆರು ಜನರನ್ನು ಸೇರಿಸಲಿ, ಕೂತಲ್ಲೇ ಕಾರು ಬರುತ್ತೆ" ಎನ್ನುವವರದ್ದು. ಸ್ವಲ್ಪ ಗುಣಿಸೋಣ. ಮೊದಲನೆಯ ಮೆಟ್ಟಿಲಿಗೆ 6, ಎರಡನೆಯದಕ್ಕೆ 36, ಮೂರನೆಯದಕ್ಕೆ 216. ಇಲ್ಲಿಗೆ ನಮ್ಮೂರು, ನೆಂಟರು, ಬೀಗರು ಎಲ್ಲ ಮುಗಿದರು. ಹತ್ತನೆಯ ಮೆಟ್ಟಿಲಿಗೆ ಹೊಸದಾಗಿ ಬೇಕಾದವರು 6 ಕೋಟಿ 4 ಲಕ್ಷ. 2011ರ ಜನಗಣತಿಯಂತೆ ತೊಟ್ಟಿಲ ಕೂಸೂ ಸೇರಿ ಇಡೀ ಕರ್ನಾಟಕದ ಜನ 6 ಕೋಟಿ 11 ಲಕ್ಷ. ಹನ್ನೆರಡನೆಯ ಮೆಟ್ಟಿಲಿಗೆ 217 ಕೋಟಿ, ಭಾರತ ಸಾಲದು. ಹದಿಮೂರನೆಯದಕ್ಕೆ 1,306 ಕೋಟಿ, ಭೂಮಿಯೇ ಸಾಲದು. ಮಂಗಳ ಗ್ರಹದಲ್ಲಿ ಸದಸ್ಯರನ್ನು ಮಾಡಬೇಕು. ಕಾರು ಯಾರಿಗೆ ಬಂತು ಎಂದರೆ, ಮೊದಲನೆಯ ಮೆಟ್ಟಿಲ ಮೇಲೆ ನಿಂತವನಿಗೆ. ಉಳಿದವರಿಗೆ ಬಂದದ್ದು ಮೆಟ್ಟಿಲು.

ನಾಲ್ಕನೆಯ ಕೈ ಅಣ್ಣ ತಮ್ಮಂದಿರ ಭಾಗದ ವ್ಯಾಜ್ಯ ಹಚ್ಚಿ ಕೋರ್ಟಿಗೆ ಕರೆದೊಯ್ಯುವ ಮಧ್ಯಸ್ಥರದ್ದು. 2 ಎಕರೆ 20 ಗುಂಟೆ ಜಮೀನು, ಮೂವರು ಅಣ್ಣ ತಮ್ಮಂದಿರು. ಎಕರೆಗೆ 40 ಗುಂಟೆಯಂತೆ ಒಟ್ಟು 100 ಗುಂಟೆ. ಗುಂಟೆಗೆ 16 ಆಣೆ. ತಲಾ 33 ಗುಂಟೆ 5 ಆಣೆ ಹಂಚಿದರೆ ಕೊನೆಗೆ ಉಳಿಯುವುದು ಒಂದೇ ಒಂದು ಆಣೆ. ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರಡಿ. ಆಣೆ ಎಂದರೆ ಅದರ ಹದಿನಾರನೇ ಒಂದು ಭಾಗ, 68 ಚದರಡಿ. ಒಂದು ಹಸು ಕಟ್ಟುವಷ್ಟು ಜಾಗ. ಈ ಲೆಕ್ಕ ಮೂವರಿಗೂ ಬಂದರೆ ಅಲ್ಲಿ ಒಂದು ಹಸು ಕಟ್ಟಿ, ಹಾಲನ್ನು ಮೂರು ಮನೆಗೂ ಹಂಚಿಕೊಳ್ಳುತ್ತಾರೆ. ಬಾರದಿದ್ದರೆ ಅದಕ್ಕಾಗಿ ಹತ್ತು ವರ್ಷ ಕೋರ್ಟು ಅಲೆಯುತ್ತಾರೆ, ಕೊನೆಗೆ ಹಸುವೂ ಇಲ್ಲ.

ಕೈ ಎತ್ತಿದವರನ್ನೆಲ್ಲ ನೋಡಿದಿರಲ್ಲ? ಗಣಿತ ಬೇಡ ಎಂದು ಸೂಚಿಸಿದವರು ಮಕ್ಕಳು, ಪಾಪ, ಬೆತ್ತಕ್ಕೆ ಹೆದರಿ. ಅನುಮೋದಿಸುವವರು ಬೇರೆ, ಅವರಿಗೆ ಹೆದರಿಕೆಯೇನೂ ಇಲ್ಲ, ಆಸೆ ಇದೆ. ಯಾವುದೇ ಠರಾವು ಬಂದಾಗ ಅದನ್ನು ಯಾರು ಅನುಮೋದಿಸುತ್ತಾರೆ ಎಂದು ನೋಡಬೇಕು. ಠರಾವಿನ ಅರ್ಥ ಅಲ್ಲಿರುತ್ತದೆ.

ಇನ್ನು ನಮ್ಮ ಡೈರಿಯ ಮಾತು. ಬೆಳಗಾಗೆದ್ದು "3.5 ಫ್ಯಾಟ್, 8.5 ಎಸ್ಸೆನ್ನೆಫ್" ಎಂದು ದೇವರ ನಾಮದಂತೆ ಜಪಿಸುವವರು ನಾವು. ಮನೆಯಿಂದ ಹೊರಟಾಗ 10 ಲೀಟರ್ ಹಾಲು, ಫ್ಯಾಟ್ 4 ಇತ್ತೆನ್ನಿ. ದಾರಿಯಲ್ಲಿ ನಲ್ಲಿ ಅಡ್ಡ ಬಂದು 1 ಲೀಟರ್ ನೀರು ತಾನಾಗಿಯೇ ಸೇರಿಕೊಂಡಿತು. 40ನ್ನು 11ರಿಂದ ಭಾಗಿಸಿ, ಫ್ಯಾಟ್ ಸುಮಾರು 3.6. ಎಸ್ಸೆನ್ನೆಫ್ 8.5 ಇದ್ದದ್ದು 7.7. ನೀರು ಬಾಯಿ ಬಿಡುವುದಿಲ್ಲ, ಭಾಗಾಕಾರ ಬಾಯಿ ಬಿಡಿಸುತ್ತದೆ. ಆ 5:1ರ ಪಾಠ ನೀರು ಬೆರೆಸುವುದಕ್ಕಲ್ಲ, ಬೆರೆಸಿದ್ದನ್ನು ಹಿಡಿಯುವುದಕ್ಕೆ. ಪುಸ್ತಕ ಬರೆದವರನ್ನು ಬೈದದ್ದು ವಾಪಸ್ಸು.

ಅದಕ್ಕಿಂತ ಜಾಣರೂ ಉಂಟು. ನೀರು ಹಾಕಿದರೆ ಲ್ಯಾಕ್ಟೋಮೀಟರ್ ಅಂಕಿ ಇಳಿಯುತ್ತದೆ. ಕೆನೆ ತೆಗೆದರೆ ಅಂಕಿ ಏರುತ್ತದೆ. ಎರಡನ್ನೂ ಹದವಾಗಿ ಮಾಡಿದರೆ ಅಂಕಿ ಇದ್ದ ಕಡೆಗೇ ಬಂದು ನಿಲ್ಲುತ್ತದೆ, ಲ್ಯಾಕ್ಟೋಮೀಟರ್ ಕೈಮುಗಿದು ಹಾಲು ಒಪ್ಪಿಕೊಳ್ಳುತ್ತದೆ! ಅದಕ್ಕೇ ಫ್ಯಾಟ್ ಪರೀಕ್ಷೆಯನ್ನು ಬೇರೆಯಾಗಿ ಮಾಡುವುದು. ಕಳ್ಳತನ ಎರಡು ಬಗೆ ಇದ್ದರೆ ಅಳತೆಯೂ ಎರಡು ಬೇಕು. ಹೈಸ್ಕೂಲಿನಲ್ಲಿ ಎಕ್ಸ್ ಮತ್ತು ವೈ ಎಂಬ ಇಬ್ಬರನ್ನು ಹುಡುಕಲು ಎರಡು ಸಮೀಕರಣ ಬೇಕು ಎಂದು ಹೇಳಿಕೊಡುತ್ತಾರಲ್ಲ, ಇದೇ ಅದು. ಮಕ್ಕಳೆ, ಕಳೆದುಹೋದ ಎಕ್ಸ್ ಎಲ್ಲಿದ್ದಾನೆ ಎಂದು ಕೇಳುತ್ತಿದ್ದಿರಿ. ಕ್ಯಾನಿನೊಳಗೆ ಇದ್ದಾನೆ.

ಅಳತೆ ಒಂದು ಕಡೆಗೇ ಇರಬಾರದು. ಹಾಕುವವರನ್ನು ಅಳೆಯುವಂತೆ ಅಳೆಯುವವರನ್ನೂ ಅಳೆಯಬೇಕು. ಹೊತ್ತಿಗೆ 100 ಮಿಲಿಲೀಟರ್ ಹಾಲು, ನೊರೆ ಎಂದೋ ಚಿಲ್ಲರೆ ಎಂದೋ ಬಿಟ್ಟುಹೋಯಿತು ಎನ್ನಿ. ದಿನಕ್ಕೆ ಎರಡು ಹೊತ್ತು, ವರ್ಷಕ್ಕೆ 73 ಲೀಟರ್. ಲೀಟರಿಗೆ 35 ರೂಪಾಯಿ ಎಂದುಕೊಂಡರೆ 2,555 ರೂಪಾಯಿ. 100 ಸದಸ್ಯರಿದ್ದರೆ 2,55,500 ರೂಪಾಯಿ. ಇದು ಯಾವ ಸಂಘದಲ್ಲಾದರೂ ಆಗಬಹುದಾದ ಲೆಕ್ಕ. ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆ ಕೂಡಿಸುವವನಿಗೂ ಸಲ್ಲುತ್ತದೆ, ಕದಿಯುವವನಿಗೂ ಸಲ್ಲುತ್ತದೆ. ಯಾರ ಹಳ್ಳ ತುಂಬುತ್ತದೆ ಎಂಬುದು ಲೆಕ್ಕ ಯಾರಿಗೆ ಬರುತ್ತದೆ ಎಂಬುದರ ಮೇಲಿದೆ.

ಬಂಧುಗಳೆ, ಇಲ್ಲಿಯವರೆಗೆ ನಗಿಸಿದೆವು. ಈಗ ಎರಡು ನಿಮಿಷ ನಗದೆ ಕೇಳಿ.

1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ದೇಶದ ಮೊದಲ ಸಹಕಾರಿ ಸಂಘ ಎಂದು ಆ ಹಳ್ಳಿಯನ್ನು ನೆನೆಯುತ್ತೇವೆ. ಸಾಲ ಕೊಡುವವನ ಪುಸ್ತಕದಲ್ಲಿ ಏನು ಬರೆದಿದೆ ಎಂದು ಸಾಲ ಪಡೆದವನಿಗೆ ತಿಳಿಯದ ಕಾಲ ಅದು. ಸಹಕಾರ ಸಂಘ ಮಾಡಿದ ದೊಡ್ಡ ಕೆಲಸ ದುಡ್ಡು ಕೊಟ್ಟದ್ದಷ್ಟೇ ಅಲ್ಲ, ಪುಸ್ತಕವನ್ನು ಎಲ್ಲರ ಮುಂದೆ ಬಿಚ್ಚಿಟ್ಟದ್ದು. ಒಂದು ಷೇರಿನವನಿಗೂ ನೂರು ಷೇರಿನವನಿಗೂ ಒಂದೇ ಮತ. ಗಣಿತದಲ್ಲಿ ಒಂದು ಮತ್ತು ನೂರು ಎಂದೂ ಸಮವಲ್ಲ, ಸಹಕಾರದಲ್ಲಿ ಮಾತ್ರ ಸಮ. ನಿವ್ವಳ ಲಾಭದಲ್ಲಿ ಕನಿಷ್ಠ ಕಾಲು ಭಾಗ ಆಪದ್ಧನ ನಿಧಿಗೆ ಹೋಗಬೇಕು ಎಂದು ಕಾಯಿದೆಯೇ ಹೇಳುತ್ತದೆ. ಜಮಾ ಖರ್ಚು, ಲಾಭ ಹಾನಿ, ಅಢಾವೆ ಪತ್ರಿಕೆ, ಎಲ್ಲವೂ ಮಹಾಸಭೆಯ ಮುಂದೆ ಬರಬೇಕು.

ಬರುತ್ತದೆ. ಆದರೆ ಮಹಾಸಭೆಯಲ್ಲಿ ನಾವು ಏನು ಮಾಡುತ್ತೇವೆ? ಕಾರ್ಯದರ್ಶಿಗಳು ಅಢಾವೆ ಪತ್ರಿಕೆ ಓದಲು ಶುರು ಮಾಡಿದ ಕೂಡಲೇ, "ಓದಿದ್ದೇವೆ ಎಂದು ಭಾವಿಸಲಾಗಿದೆ" ಎಂದು ಕೂಗಿ, ಕೈ ಎತ್ತಿ, ಊಟಕ್ಕೆ ಏಳುತ್ತೇವೆ. ನಮ್ಮ ಕಾರ್ಯದರ್ಶಿಗಳು ಪ್ರಾಮಾಣಿಕರು, ಅದು ನಮ್ಮ ಪುಣ್ಯ. ಆದರೆ ಸಂಘ ಪುಣ್ಯದ ಮೇಲೆ ನಡೆಯಬಾರದು, ಲೆಕ್ಕದ ಮೇಲೆ ನಡೆಯಬೇಕು. ಕೇಳುವವರಿದ್ದರೆ ಪ್ರಾಮಾಣಿಕರಿಗೂ ಬಲ. ಲೆಕ್ಕ ಕೇಳುವುದು ಅನುಮಾನವಲ್ಲ, ಅದು ಸದಸ್ಯನ ಹಕ್ಕು. ಲೆಕ್ಕ ಬಾರದ ಸದಸ್ಯನಿಗೆ ಆ ಹಕ್ಕು ಇದ್ದೂ ಇಲ್ಲ. ನಮ್ಮ ಹಿರಿಯರು ಚಿಕ್ಕ ಮಕ್ಕಳನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತಿದ್ದರು. ಈ ಊರಿನ ಮಕ್ಕಳು ಬೆಳೆದು ಸದಸ್ಯರಾದ ಮೇಲೂ ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದೇ ಉಳಿದರೆ, ಈ ಸಂಘಕ್ಕೆ ಬೆಳ್ಳಿಹಬ್ಬ ಆದೀತು, ಚಿನ್ನದ ಹಬ್ಬ ಆಗಲಿಕ್ಕಿಲ್ಲ.

ಆದ್ದರಿಂದ ಮೂಲ ಠರಾವು ಬಿದ್ದುಹೋಯಿತು ಎಂದು ಅಧ್ಯಕ್ಷರು ಘೋಷಿಸಲಿ. ಅದರ ಬದಲು ನಮ್ಮದೊಂದು ತಿದ್ದುಪಡಿ ಠರಾವು. ಮೂರೇ ಕಲಮು.

ಒಂದು: ಪ್ರತಿ ಮನೆಯ ಹಾಲಿನ ಪುಸ್ತಕ ಇಂದಿನಿಂದ ಮನೆಯ ಮಗುವಿನ ಕೈಯಲ್ಲಿರಲಿ. ಬಟವಾಡೆಯ ದಿನ ಲೀಟರು, ಫ್ಯಾಟ್, ದರ ನೋಡಿ ಮಗುವೇ ಮೊತ್ತ ಕೂಡಿಸಲಿ. ಹೆಣ್ಣುಮಗುವಾದರೆ ಇನ್ನೂ ಒಳ್ಳೆಯದು. ನಾಳೆ ಅವಳು ಹೋದ ಊರಿನ ಸಂಘವೂ ನೆಟ್ಟಗಾಗುತ್ತದೆ.

ಎರಡು: ವರ್ಷಕ್ಕೊಂದು ವಾರ ಏಳನೆಯ ತರಗತಿಯ ಮಕ್ಕಳು ಬೆಳಗಿನ ಹೊತ್ತು ಡೈರಿಗೆ ಬರಲಿ. ತೂಕ ನೋಡಲಿ, ಅಂಕಿ ಓದಲಿ, ಸರಾಸರಿ ತೆಗೆಯಲಿ. ಶಾಲೆಯ ಗುರುಗಳೂ ಜೊತೆಗೆ ಬರಲಿ. ಬೆತ್ತ ಮನೆಯಲ್ಲೇ ಇರಲಿ. ಹಳ್ಳಕ್ಕೆ ಕಾಲುಸಂಕ ಹಾಕುವುದು ಎಂದರೆ ಇದೇ.

ಮೂರು: ಮುಂದಿನ ಮಹಾಸಭೆಯಲ್ಲಿ ಜಮಾ ಖರ್ಚನ್ನು ಒಬ್ಬ ಹುಡುಗಿಯೋ ಹುಡುಗನೋ ಗಟ್ಟಿಯಾಗಿ, ಪೂರ್ತಿ ಓದಲಿ. ಓದುವವರೆಗೂ ಊಟಕ್ಕೆ ಎಲೆ ಹಾಕಬಾರದು.

ಮೂರನೆಯ ಕಲಮಿಗೆ ವಿರೋಧ ಬರಬಹುದೆಂದು ಬಲ್ಲೆವು. ಆದರೂ ನಮ್ಮ ನಂಬಿಕೆ, ಈ ತಿದ್ದುಪಡಿಗೆ ಸೂಚಕರು ನಾವಾದರೆ ಅನುಮೋದಕರು ಈ ಊರಿನ ತಾಯಂದಿರು. ನಸುಕಿನಲ್ಲಿ ಎದ್ದು ಕೊಟ್ಟಿಗೆ ಗುಡಿಸಿ, ಹುಲ್ಲು ತಂದು, ಹಿಂಡಿ ಕಲಸಿ, ಹಾಲು ಕರೆದವರು ಅವರು. ಆ ಹಾಲಿನ ಒಂದೊಂದು ಹನಿಗೂ ಲೆಕ್ಕ ಸಿಗಬೇಕು ಎಂದು ಅವರಿಗಿಂತ ಹೆಚ್ಚಾಗಿ ಬಯಸುವವರು ಯಾರಿದ್ದಾರೆ?

ಒಪ್ಪಿಗೆ ಇದ್ದವರು ಕೈ ಎತ್ತಿ. ಎಣಿಸುವ ಕೆಲಸ ಮುಂದಿನ ಸಾಲಿನ ಮಕ್ಕಳದ್ದು.

ಸಂಘ ಬೆಳೆಯಲಿ, ಶಾಲೆ ಬೆಳಗಲಿ, ಹಸು ಕರು ತಂಪಾಗಿರಲಿ.

ಜೈ ಸಹಕಾರ, ಜೈ ಕರ್ನಾಟಕ.